ಜೋ ಪಿಕೆಟ್ ಸರಣಿ: ಓದುವ ಕ್ರಮದ ಬಗ್ಗೆ ಸ್ಪಷ್ಟನೆ

ಸಿ.ಜೆ. ಬಾಕ್ಸ್ ಅವರ ಜೋ ಪಿಕೆಟ್ ಪತ್ತೇದಾರಿ ಸರಣಿಯನ್ನು ಎಲ್ಲಿಂದ ಬೇಕಾದರೂ ಶುರುಮಾಡಬಹುದು, ‘ಬಿಗ್ ಸ್ಕೈ’ ಅದರದೇ ಟಿವಿ ರೂಪ ಎಂಬ ಮಾತು ಹರಿದಾಡುತ್ತಿದೆ. ಎರಡೂ ಸರಿಯಲ್ಲ.

ಕೊಲೆಯ ಒಗಟು ಆಯಾ ಪುಸ್ತಕದಲ್ಲೇ ಬಿಡಿಸಿಕೊಳ್ಳುತ್ತದೆ, ನಿಜ. ಆದರೆ ವಯೋಮಿಂಗ್‌ನ ಗೇಮ್ ವಾರ್ಡನ್ (ವನ್ಯಜೀವಿ ಕಾನೂನು ಕಾಯುವ ಅಧಿಕಾರಿ) ಆಗಿರುವ ಜೋನ ಸಂಸಾರಕ್ಕೆ ವಯಸ್ಸಾಗುತ್ತಾ ಹೋಗುತ್ತದೆ. 2001ರ ‘ಓಪನ್ ಸೀಸನ್’ನಲ್ಲಿ ಪುಟ್ಟ ಹುಡುಗಿಯಾಗಿದ್ದ ಮಗಳು ಶೆರಿಡನ್ ಮುಂದೆ ಕಾಲೇಜು ಸೇರುತ್ತಾಳೆ. ಗಿಡುಗ ಸಾಕುವ ನೇಟ್ ರೊಮನೌಸ್ಕಿ ಕಾಲಿಡುವುದು ಮೂರನೆಯ ‘ವಿಂಟರ್‌ಕಿಲ್’ನಲ್ಲಿ (2003), ಜೋ ಮೇಲೆ ಅವನಿಗಿರುವ ನಿಷ್ಠೆಯ ಬೇರು ಅಲ್ಲೇ ಇದೆ. ಜೋನ ಸಾಕುಮಗಳು ಏಪ್ರಿಲ್‌ಳ ಕಥೆಯಂತೂ ಇನ್ನೂ ಸೂಕ್ಷ್ಮ: 2009ರ ‘ಬಿಲೋ ಝೀರೋ’ ಮೊದಲು ಓದಿದರೆ ‘ವಿಂಟರ್‌ಕಿಲ್’ನ ಕೊನೆಯ ಪೆಟ್ಟೇ ತಟ್ಟುವುದಿಲ್ಲ. ಹಾಗಾಗಿ ಕನಿಷ್ಠ ಮೊದಲ ಮೂರನ್ನಾದರೂ ಕ್ರಮವಾಗಿ ಓದಿ.

‘ಬಿಗ್ ಸ್ಕೈ’ಗೆ ಮೂಲ 2013ರ ‘ದಿ ಹೈವೇ’. ಅದು ಕ್ಯಾಸಿ ಡೂವೆಲ್ ಎಂಬ ತನಿಖೆಗಾರ್ತಿ ಇರುವ, ಬಾಕ್ಸ್ ಅವರದೇ ಬೇರೆ ಸರಣಿಯ ಪುಸ್ತಕ. ಜೋ ಪಿಕೆಟ್ ಹೆಸರಲ್ಲೇ ಟಿವಿ ಧಾರಾವಾಹಿ ಬಂದದ್ದು 2021ರಲ್ಲಿ.