ಕಾರ್ಬೊರೇಟರ್ ಬಿಚ್ಚುವ ಮುನ್ನ ಒಮ್ಮೆ ನೋಡಬಾರದೇ?

ಹಳೆಯ ಕಾರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಾರ್ಬೊರೇಟರ್. ಎಂಜಿನ್ ನಿಂತರೆ ಕಾರ್ಬೊರೇಟರ್ ಕೆಟ್ಟಿದೆ, ಏರಿನಲ್ಲಿ ಎಳೆಯದಿದ್ದರೆ ಕಾರ್ಬೊರೇಟರ್ ಕೆಟ್ಟಿದೆ, ಹೊಗೆ ಬಂದರೂ ಕಾರ್ಬೊರೇಟರ್, ಮೈಲೇಜ್ ಇಳಿದರೂ ಕಾರ್ಬೊರೇಟರ್. ಬೆಳಗಾವಿಯಲ್ಲಿ ನಾನು ಈ ವರ್ಷ ಮೆಟ್ಟಿಲು ಹತ್ತಿದ ಗ್ಯಾರೇಜುಗಳಲ್ಲೆಲ್ಲ ಸಿಕ್ಕಿದ್ದು ಇದೊಂದೇ ತೀರ್ಪು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ; ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿ ಕಳಚಿ, ಸ್ಕ್ರೂಡ್ರೈವರ್ ಹಿಡಿದ ಕೈ ನೇರವಾಗಿ ಅದರ ಮೇಲೆಯೇ ಹೋಗುತ್ತದೆ. “ಕಾರ್ಬೊರೇಟರ್ ಹೋಗೇತ್ರಿ ಸರ, ಹೊಸಾದು ಹಾಕಿಸಿಬಿಡ್ರಿ” ಎಂಬ ಮಾತನ್ನು ಕೇಳಿ ಕೇಳಿ ನನ್ನ ತಾಳ್ಮೆ ಮುಗಿದಿರುವುದರಿಂದ, ಮುಖಕ್ಕೆ ಹೇಳಲಾಗದ್ದನ್ನು ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ನನ್ನದು 1994ರ ಮಾರುತಿ 800. 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಅದರ ಮೇಲೆ ಎರಡು ಬಾಯಿಯ ಕಾರ್ಬೊರೇಟರ್. ಕಾರಿನ ತೊಂದರೆ ಮೊದಲಿನಿಂದಲೂ ಸ್ಪಷ್ಟವಾಗಿತ್ತು. ಬೆಳಿಗ್ಗೆ ಚೋಕ್ ಎಳೆದು ಚಾಲೂ ಮಾಡಿದರೆ ಚೆನ್ನಾಗಿಯೇ ಓಡುತ್ತಿತ್ತು. ಎಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಮೇಲೆ ಆರ್‌ಪಿಡಿ ವೃತ್ತದಲ್ಲಿ ನಿಂತಾಗ ಏರಿಳಿಯುತ್ತ, ನಡುಗುತ್ತ ಕೊನೆಗೆ ಆರಿಹೋಗುತ್ತಿತ್ತು. ಎಕ್ಸಿಲರೇಟರ್ ತುಳಿದರೆ ಒಮ್ಮೆ ಕೆಮ್ಮಿ ಆಮೇಲೆ ಮುಂದಕ್ಕೆ ಹೊರಡುತ್ತಿತ್ತು. ಚೋಕ್ ಮಾಡುವ ಕೆಲಸವೆಂದರೆ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು. ಚೋಕ್ ಇದ್ದಾಗ ನೆಟ್ಟಗಿರುವ ಎಂಜಿನ್ ಚೋಕ್ ತೆಗೆದೊಡನೆ ಸಾಯುತ್ತದೆ ಎಂದರೆ, ಒಂದೋ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಲೆಕ್ಕಕ್ಕಿಲ್ಲದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಇಷ್ಟು ತಿಳಿಯಲು ಯಂತ್ರಶಾಸ್ತ್ರದ ಪದವಿ ಬೇಕಿಲ್ಲ. ಗಾಡಿ ತಂದವನಿಗೆ ನಾಲ್ಕು ಪ್ರಶ್ನೆ ಕೇಳುವ ಸಹನೆ ಬೇಕು. ತಣ್ಣಗಿದ್ದಾಗ ಹೇಗಿರುತ್ತದೆ, ಬಿಸಿಯಾದಾಗ ಹೇಗಿರುತ್ತದೆ, ಚೋಕ್ ಎಳೆದರೆ ಏನಾಗುತ್ತದೆ ಎಂದು ಒಬ್ಬರಾದರೂ ಕೇಳಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮೊದಲನೆಯ ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡಿದರು. ಟ್ಯೂನಿಂಗ್ ಎಂದರೆ ಅಲ್ಲಿ ಎರಡು ಸ್ಕ್ರೂಗಳನ್ನು ತಿರುವುವುದು. ಥ್ರಾಟಲ್ (ಎಂಜಿನ್ನಿನೊಳಗೆ ಹೋಗುವ ಗಾಳಿಯ ಬಾಗಿಲು) ನಿಲ್ಲುವ ಸ್ಕ್ರೂ ಬಿಗಿಸಿ ಐಡ್ಲಿಂಗ್, ಅಂದರೆ ಗಾಡಿ ನಿಂತಾಗಿನ ಎಂಜಿನ್ನಿನ ಓಟ, ಏರಿಸಿದರು, ಮಿಕ್ಸ್ಚರ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಹೆಚ್ಚಿಸಿದರು, ಕಿವಿಗೊಟ್ಟು ಕೇಳಿ “ಬರೋಬರಿ ಆತು ನೋಡ್ರಿ” ಎಂದರು. ನಿಮಿಷಕ್ಕೆ 900 ಸುತ್ತಿನ ಆಸುಪಾಸಿನಲ್ಲಿ ಶಾಂತವಾಗಿ ನಿಲ್ಲಬೇಕಾದ ಎಂಜಿನ್ ಅಂದಿನಿಂದ ಸಿಗ್ನಲ್ಲಿನಲ್ಲಿ ಅರಚುತ್ತ ನಿಲ್ಲತೊಡಗಿತು. ಆರಿಹೋಗುವುದು ತಪ್ಪಿತು, ನಿಜ. ತೊಂದರೆಯನ್ನು ಆ ಅರಚಾಟದ ಕೆಳಗೆ ಮುಚ್ಚಿಟ್ಟದ್ದಷ್ಟೇ. ಪೆಟ್ರೋಲಿನ ಖರ್ಚು ಏರಿತು, ಏರಿನಲ್ಲಿ ಆ ಕೆಮ್ಮು ಹಾಗೆಯೇ ಉಳಿಯಿತು. ವಂಟಮುರಿ ಘಾಟಿನಲ್ಲಿ ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಗೇರ್ ಇಳಿಸಿ, ಮೂಗು ಹಿಡಿದಂತೆ ಎಳೆಯುವ ಕಾರನ್ನು ಮೇಲಕ್ಕೆ ತರುವ ಸುಖವನ್ನು ಆ ಮೆಕ್ಯಾನಿಕ್ ಮಹಾಶಯರು ಒಮ್ಮೆ ಅನುಭವಿಸಬೇಕು.

ಎರಡನೆಯ ಗ್ಯಾರೇಜಿನವರು ಮಾಡಿದ್ದನ್ನು ಬರೆಯುವಾಗ ಈಗಲೂ ರಕ್ತ ಕುದಿಯುತ್ತದೆ. ಕಾರ್ಬೊರೇಟರ್ ಬಿಚ್ಚಿ ಅದನ್ನು ಪೆಟ್ರೋಲಿನ ಬೋಗುಣಿಯಲ್ಲಿ ಅದ್ದಿ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳ ರಂಧ್ರಕ್ಕೆ ಕ್ಲಚ್ ಕೇಬಲ್ಲಿನಿಂದ ಬಿಡಿಸಿದ ಉಕ್ಕಿನ ತಂತಿ ತೂರಿಸಿ ತಿರುವಿದರು. ಜೆಟ್ ಹಿತ್ತಾಳೆಯದು, ತಂತಿ ಉಕ್ಕಿನದು. ಸವೆಯುವುದು ಯಾವುದೆಂದು ಹೇಳಬೇಕಿಲ್ಲ. ಜೆಟ್‌ನ ರಂಧ್ರವನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೊರೆದಿರುತ್ತಾರೆ. ಒಂದು ಮಿಲಿಮೀಟರಿನ ರಂಧ್ರ ಸವೆದು 1.05 ಮಿಲಿಮೀಟರ್ ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಅದರ ವಿಸ್ತೀರ್ಣ ನೂರಕ್ಕೆ ಹತ್ತರಷ್ಟು ಹೆಚ್ಚಿರುತ್ತದೆ, ಒಳಗೆ ಇಳಿಯುವ ಪೆಟ್ರೋಲೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಜೆಟ್ ಕಟ್ಟಿಕೊಂಡಿದ್ದರೆ ಕಾರ್ಬ್ ಕ್ಲೀನರಿನಲ್ಲಿ ನೆನೆಸಿ ಕಂಪ್ರೆಸರಿನ ಗಾಳಿ ಊದುವುದು ಒಂದೇ ಸರಿಯಾದ ದಾರಿ. ಆ ಗ್ಯಾರೇಜಿನಲ್ಲಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಎರಡು ಮಾರು ದೂರದಲ್ಲಿತ್ತು ಎಂಬುದನ್ನು ದಾಖಲಿಸಿಯೇ ಮುಂದುವರಿಯುತ್ತೇನೆ.

ಅಷ್ಟಕ್ಕೇ ಬಿಟ್ಟಿದ್ದರೂ ಸಹಿಸಬಹುದಿತ್ತು. ಕಾರ್ಬೊರೇಟರಿನ ಮಗ್ಗುಲಲ್ಲಿ ವೈರ್ ಹೊತ್ತ ಒಂದು ಸಣ್ಣ ಸೊಲೆನಾಯ್ಡ್ ಇರುತ್ತದೆ. ಕೀಲಿ ತಿರುವಿ ಎಂಜಿನ್ ನಿಲ್ಲಿಸಿದಾಗ ಐಡ್ಲಿಂಗಿನ ಪೆಟ್ರೋಲ್ ದಾರಿಯನ್ನು ಮುಚ್ಚುವುದು ಅದರ ಕೆಲಸ. ಅದಕ್ಕೆ ವಿದ್ಯುತ್ ತಲುಪದಿದ್ದರೆ ದಾರಿ ಮುಚ್ಚಿಯೇ ಇದ್ದು ಎಂಜಿನ್ ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಕೀಲಿಯನ್ನು ಆನ್ ಮಾಡಿ ವೈರನ್ನು ಒಮ್ಮೆ ತೆಗೆದು ಹಾಕಿದರೆ ಸಾಕು, ಟಿಕ್ ಎಂಬ ಸದ್ದು ಬರುತ್ತದೆ. ಇವರು ಆ ಸದ್ದನ್ನು ಕೇಳುವ ಗೋಜಿಗೇ ಹೋಗದೆ ಸೊಲೆನಾಯ್ಡಿನ ತುದಿಯನ್ನು ಕಟ್ಟಿಂಗ್ ಪ್ಲೈಯರಿನಿಂದ ಕತ್ತರಿಸಿ, “ಇನ್ನ ಎಂದೂ ತ್ರಾಸ ಕೊಡೂದಿಲ್ರಿ” ಎಂದು ಅಭಿಮಾನದಿಂದ ತೋರಿಸಿದರು. ನನ್ನ ಒಪ್ಪಿಗೆ ಕೇಳಲಿಲ್ಲ. ಅಂದಿನಿಂದ ಕೀಲಿ ತೆಗೆದ ಮೇಲೂ ಎಂಜಿನ್ ಕೆಲವೊಮ್ಮೆ ಗೊಡಗೊಡ ಎಂದು ತಾನೇ ತಿರುಗುತ್ತ ನಿಲ್ಲಲು ಒಪ್ಪುವುದಿಲ್ಲ.

ಇದರ ಫಲ ಹೊಗೆ ತಪಾಸಣೆಯಲ್ಲಿ ಕಂಡಿತು. ನನ್ನ ಕಾರಿನ ಕಾಲದ ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 3 ಪ್ರತಿಶತದವರೆಗೆ ಇರಬಹುದು. ಇಷ್ಟು ಉದಾರವಾದ ಮಿತಿಯನ್ನೂ ಅದು ದಾಟಿತು. ಅದುವರೆಗೆ ಪ್ರತಿ ಸಲವೂ ಪಾಸಾಗುತ್ತಿದ್ದ ಗಾಡಿ ಅದು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2025ರಿಂದ 10,000 ರೂಪಾಯಿ ಆಗಿರುವಾಗ, ಅಷ್ಟು ಕೊಟ್ಟು ಗಾಡಿಯನ್ನು ಕಾನೂನಿನೊಳಗೆ ಇಟ್ಟುಕೊಳ್ಳಬಯಸುವವನನ್ನು ಒಂದು ತುಂಡು ತಂತಿ ಹೀಗೆ ಅಪರಾಧಿಯನ್ನಾಗಿ ನಿಲ್ಲಿಸುತ್ತದೆ.

ಮೂರನೆಯ ಗ್ಯಾರೇಜಿನವರು ಮಾತಿನಲ್ಲಿ ಬಲು ಸಭ್ಯರು. ಹಳೆಯದಕ್ಕೆ ಇನ್ನು ಜೀವವಿಲ್ಲ, ಹೊಸದನ್ನೇ ತರಿಸೋಣ ಎಂದರು. ಮಾರುತಿ 800 ಕಾರ್ಬೊರೇಟರನ್ನು ಬಿಟ್ಟು ಎಂಪಿಎಫ್‌ಐಗೆ, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆಗೆ, ಹೋದದ್ದು 2000ದ ಆಸುಪಾಸಿನಲ್ಲಿ. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಹಾಗಿರುವಾಗ ಹೊಸದು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ “ಕಂಪನಿ ಮಾಲ ರೀ, ಕಾಳಜಿ ಬ್ಯಾಡ್ರಿ” ಎಂಬ ಉತ್ತರ ಬಂತು. ಬಂದದ್ದು ಡಬ್ಬಿಯ ಮೇಲೆ ಅಕ್ಷರ ತಪ್ಪಿದ ಹೆಸರು ಹೊತ್ತ ಡೂಪ್ಲಿಕೇಟ್. ಎರಕದ ಅಂಚುಗಳು ಕೈಗೆ ಚುಚ್ಚುತ್ತಿದ್ದವು, ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಗಾಜಿನ ಕಿಟಕಿಯ ಮೇಲೆ ಮಟ್ಟದ ಗುರುತೇ ಇರಲಿಲ್ಲ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದನ್ನು ಕೂರಿಸಿ, ನನ್ನ ಮೂಲ ಕಾರ್ಬೊರೇಟರನ್ನು ಗುಜರಿಗೆ ಹಾಕುವ ಡ್ರಮ್ಮಿಗೆ ಎಸೆದಿದ್ದರು. ನನ್ನ ಸ್ವತ್ತು ಅದು. ಗಲಾಟೆ ಮಾಡಿ, ಡ್ರಮ್ಮಿನಲ್ಲಿ ಕೈ ಹಾಕಿ ನಾನೇ ಹುಡುಕಿ ತೆಗೆಯಬೇಕಾಯಿತು. ಮೇಲಿನ ಮುಚ್ಚಳದ ಸ್ಕ್ರೂಗಳು ಅರ್ಧಕ್ಕರ್ಧ ನಾಪತ್ತೆ.

ಇಷ್ಟೆಲ್ಲ ಆದ ಮೇಲೆ, ಆ ಹೊಸ ಕಾರ್ಬೊರೇಟರ್ ಹೊತ್ತ ಕಾರು ಏನು ಮಾಡಿತು ಗೊತ್ತೇ? ಬಿಸಿಯಾಗುತ್ತಲೇ ಸಿಗ್ನಲ್ಲಿನಲ್ಲಿ ಏರಿಳಿದು, ನಡುಗಿ, ಆರಿಹೋಯಿತು.

ಆ ಭಾನುವಾರ ಮನೆಯಂಗಳದಲ್ಲಿ ನಾನೇ ಬಾನೆಟ್ ಎತ್ತಿದೆ. ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಕಾರ್ಬೊರೇಟರಿನ ಬುಡಕ್ಕೆ, ರಬ್ಬರ್ ಪೈಪುಗಳ ಕೂಡುಗಳಿಗೆ ಬ್ರಷ್ಷಿನಿಂದ ಸೋಪಿನ ನೀರು ಹಚ್ಚುತ್ತ ಹೋದೆ. ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುವವರೂ ಇದ್ದಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಯೊಂದಿಗಿನ ಆಟ. ಕಾರ್ಬೊರೇಟರಿಗೂ ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಮ್ಯಾನಿಫೋಲ್ಡಿಗೂ ನಡುವೆ ಕೂರುವ ಇನ್ಸುಲೇಟರಿನ ಒಂದು ಮೂಲೆಯಲ್ಲಿ ನೊರೆ ಸುರ್ರೆಂದು ಒಳಗೆ ಹೋಯಿತು, ಎಂಜಿನ್ನಿನ ಸದ್ದು ಬದಲಾಯಿತು. ಇನ್ಸುಲೇಟರಿನಲ್ಲಿ ಕೂದಲೆಳೆಯ ಬಿರುಕು; ಜೊತೆಗೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸಿಗೆ (ಕಿಡಿಯ ಸಮಯ ಹೊಂದಿಸುವ ಭಾಗಕ್ಕೆ) ಹೋಗುವ ಸಣ್ಣ ಪೈಪು ತುದಿಯಲ್ಲಿ ಸೀಳಿತ್ತು. ಗಾಳಿ ಎಳೆಯುತ್ತಿದ್ದದ್ದು ಅಲ್ಲಿಂದ. ಎರಡನೆಯ, ಮೂರನೆಯ ಗ್ಯಾರೇಜಿನವರಿಬ್ಬರೂ ಕಾರ್ಬೊರೇಟರನ್ನು ಅದೇ ಬಿರುಕು ಬಿಟ್ಟ ಇನ್ಸುಲೇಟರಿನ ಮೇಲಿನಿಂದ ಎತ್ತಿ, ಮತ್ತೆ ಅದೇ ಇನ್ಸುಲೇಟರಿನ ಮೇಲೆ ಕೂರಿಸಿ ಕೂಲಿ ಪಡೆದಿದ್ದರು. ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟನ್ನೂ ನೋಡಿದೆ: 0.4ರಿಂದ 0.5 ಮಿಲಿಮೀಟರ್ ಇರಬೇಕಾದ ಅಂತರ ಅದರ ಅರ್ಧಕ್ಕೆ ಇಳಿದಿತ್ತು. ಇಂಥ ಅಂತರ ಅಳೆಯುವ ಫೀಲರ್ ಗೇಜ್ ಎಂಬ ಸಾಧನವನ್ನು ಆ ಮೂರು ಕಡೆ ಯಾರ ಕೈಯಲ್ಲೂ ನಾನು ಕಂಡಿರಲಿಲ್ಲ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತರ ಹರೆಯದವರು ಕಲಿತದ್ದು ಸ್ಕ್ಯಾನರ್ ಚುಚ್ಚಿದರೆ ತಾನೇ ದೂರು ಹೇಳುವ ಗಾಡಿಗಳ ಮೇಲೆ. ನನ್ನ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ. ಗೊತ್ತಿಲ್ಲ ಎಂದು ಹೇಳಿ ಕೈ ಮುಗಿದು ಕಳಿಸಿದ್ದರೆ ಅವರ ಮೇಲೆ ಗೌರವವೇ ಹುಟ್ಟುತ್ತಿತ್ತು. ಸಿಟ್ಟು ಇರುವುದು ಮೂವತ್ತು ವರ್ಷದಿಂದ ಇದೇ ಗಾಡಿ ರಿಪೇರಿ ಮಾಡಿಕೊಂಡು ಬಂದಿದ್ದೇನೆಂದು ಎದೆ ತಟ್ಟಿಕೊಳ್ಳುವ ಹಿರಿಯರ ಮೇಲೆ.

ಹಾಳಾದ ಮೂಲ ಕಾರ್ಬೊರೇಟರನ್ನು ಸರಿಮಾಡಿಸಲು ಹೊರಟಾಗ ಇನ್ನೊಂದು ಕಥೆ. ರಿಪೇರಿ ಕಿಟ್ ಸಿಕ್ಕಿತು. ಅದರ ಗ್ಯಾಸ್ಕೆಟ್ಟಿನಲ್ಲಿ, ಅಂದರೆ ಕೂಡುಗಳ ನಡುವೆ ಕೂರುವ ಹಾಳೆಯಲ್ಲಿ, ಪೆಟ್ರೋಲ್ ಹಾಯುವ ತೂತುಗಳು ಬಾಡಿಯ ತೂತುಗಳಿಗೆ ಸರಿಹೊಂದುವುದಿಲ್ಲ. ಎಕ್ಸಿಲರೇಟರ್ ಪಂಪಿನ ರಬ್ಬರ್ ಪರದೆ, ಅಂದರೆ ಡಯಾಫ್ರಮ್, ಕೆಲವೇ ವಾರಗಳಲ್ಲಿ ಉಬ್ಬಿ ಗಟ್ಟಿಯಾಯಿತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರಿಗೆ ಆಗಿಬರುವುದಿಲ್ಲ. ಹಳೆಯ ವಾಹನಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಒಪ್ಪಿಕೊಂಡಿದೆ. ಒಂದು ಭಾಗ ಪೆಟ್ರೋಲ್ ಉರಿಯಲು ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಎಥನಾಲಿಗೆ 9 ಭಾಗ ಸಾಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ಅರಿತು ತಾನೇ ಹೊಂದಿಸಿಕೊಳ್ಳುತ್ತದೆ, ಕಾರ್ಬೊರೇಟರಿನ ಜೆಟ್‌ಗೆ ಆ ಬುದ್ಧಿ ಇಲ್ಲ; ಆದ್ದರಿಂದ ಬೇರೇನೂ ಕೆಡದಿದ್ದರೂ ಹಳೆಯ ಎಂಜಿನ್ನಿಗೆ ಮಿಶ್ರಣ ಮೊದಲಿಗಿಂತ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಸಾಲುವುದಿಲ್ಲ. ನಮ್ಮ ಗೋಕಾಕ, ಮುಧೋಳ, ಜಮಖಂಡಿ ಸೀಮೆಯ ಕಬ್ಬಿನಿಂದಲೇ ಎಥನಾಲ್ ಬರುತ್ತದೆ, ರೈತನಿಗೆ ಬಾಕಿ ಬೇಗ ಸಿಗುವುದಾದರೆ ಬರಲಿ. ಆದರೆ ಆ ಪೆಟ್ರೋಲಿಗೆ ತಾಳುವ ಡಯಾಫ್ರಮ್ ಇದೇ ಸೀಮೆಯ ಅಂಗಡಿಯಲ್ಲಿ ಕೇಳಿದರೆ, ಕೇಳಿದವನ ಮುಖವನ್ನೇ ನೋಡುತ್ತಾರೆ.

ಥ್ರಾಟಲ್ ಶಾಫ್ಟ್ ಅಲುಗಾಡುತ್ತಿತ್ತು. ಅಲ್ಲಿಂದಲೂ ಗಾಳಿ ಎಳೆಯುತ್ತದೆಯಾದ್ದರಿಂದ ಬಾಡಿಯನ್ನು ಕೊರೆದು ಎರಡು ಸಣ್ಣ ಹಿತ್ತಾಳೆಯ ಬುಷ್, ಅಂದರೆ ಶಾಫ್ಟ್ ಹಾಯುವ ಬಳೆ, ಕೂರಿಸಬೇಕಿತ್ತು. ಉದ್ಯಮಬಾಗದ ಫೌಂಡ್ರಿಗಳೂ ಮಷಿನ್ ಶಾಪುಗಳೂ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಮೈಕ್ರಾನ್ ಲೆಕ್ಕದ ಭಾಗಗಳನ್ನು ಮಾಡಿ ಕಳಿಸುವ ಊರು ನಮ್ಮದು. ಅಲ್ಲಿ ಒಂದೊಂದೇ ಬಾಗಿಲು ತಟ್ಟಿದೆ. “ಒಂದ ಪೀಸಿನ ಸಲುವಾಗಿ ಮಷಿನ್ ಸೆಟ್ಟಿಂಗ್ ಮಾಡೂದು ಗಿಟ್ಟೂದಿಲ್ರಿ, ನೂರು ಪೀಸ್ ಇದ್ರ ತಗೊಂಡ ಬರ್ರಿ” ಎಂದರು ಒಬ್ಬರು. 1994ರ ಮಾರುತಿಯ ನೂರು ಕಾರ್ಬೊರೇಟರುಗಳನ್ನು ನಾನು ಎಲ್ಲಿಂದ ತರಲಿ? ಕೊನೆಗೆ ಒಪ್ಪಿದವರು ಹಳೆಯ ಕೈ ಲೇಥಿನ ಮೇಲೆ ಕೆಲಸ ಮಾಡುವ ಒಬ್ಬ ಹಿರಿಯರು. ಶಾಫ್ಟನ್ನು ಬೆರಳಲ್ಲಿ ತಿರುವಿ, ಬೆಳಕಿಗೆ ಹಿಡಿದು, ಮೈಕ್ರೋಮೀಟರ್ ಇಟ್ಟು ಅಳೆದು, ಆಮೇಲೆ ಮಷಿನ್ ಚಾಲೂ ಮಾಡಿದರು. ಇಡೀ ಪ್ರಕರಣದಲ್ಲಿ ಮೊದಲು ನೋಡಿ ಆಮೇಲೆ ಕೈ ಹಾಕಿದವರು ಅವರೊಬ್ಬರೇ, ಅವರು ಗಾಡಿಯ ಮೆಕ್ಯಾನಿಕ್ಕೂ ಅಲ್ಲ.

ಹೊಸ ಇನ್ಸುಲೇಟರ್, ಹೊಸ ಪೈಪು, ಹೊಸ ಬುಷ್ ಹಾಕಿ ಹಳೆಯ ಕಾರ್ಬೊರೇಟರನ್ನೇ ಮತ್ತೆ ಕೂರಿಸಿದ್ದೇನೆ. ಐಡ್ಲಿಂಗ್ ಈಗ ಕದಲುವುದಿಲ್ಲ, ಬಿಸಿಯಾದರೂ ಆರುವುದಿಲ್ಲ. ಆದರೆ ತಂತಿ ಹೊಕ್ಕ ಮೇನ್ ಜೆಟ್‌ನಿಂದಾಗಿ ವೇಗದಲ್ಲಿ ಪೆಟ್ರೋಲ್ ಈಗಲೂ ಹೆಚ್ಚು ಕುಡಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಡೂಪ್ಲಿಕೇಟ್ ವಾಪಸ್ ತೆಗೆದುಕೊಳ್ಳಿ ಎಂದು ಮೂರನೆಯ ಗ್ಯಾರೇಜಿಗೆ ಹೋದರೆ ಒಮ್ಮೆ ಹಾಕಿದ ಮಾಲು ಮರಳಿ ಪಡೆಯುವುದಿಲ್ಲ ಎಂದರು. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಅವರು ಕೊಟ್ಟದ್ದು ಬಿಲ್ಲಲ್ಲ, ಸಿಗರೇಟು ಪಾಕೀಟಿನ ಹಿಂಬದಿಯಲ್ಲಿ ಬರೆದ ಮೊತ್ತ, ಅದರಲ್ಲಿ ಅಂಗಡಿಯ ಹೆಸರೂ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಯಾರ ಬಳಿಯಾದರೂ ಹಳೆಯ ಮಾರುತಿ 800ರ ಕಾರ್ಬೊರೇಟರಿನ ಮೂಲ ಮೇನ್ ಜೆಟ್ ಮತ್ತು ತುದಿ ಕತ್ತರಿಸದ ಸೊಲೆನಾಯ್ಡ್ ಇದ್ದರೆ ದಯವಿಟ್ಟು ತಿಳಿಸಿ; ಕೇಳಿದ ಬೆಲೆ ಕೊಡುತ್ತೇನೆ, ಆದರೆ ಜೆಟ್‌ನ ರಂಧ್ರವನ್ನು ಮೊದಲು ಅಳೆದು ನೋಡುತ್ತೇನೆ.