ಕೊಲ್ಲಬಾರದು, ಮುಗಿಸಬಹುದು

ಮನುಷ್ಯನ ರಕ್ತ ಹಸಿರು ಅಂತ ನನಗೆ ಗೊತ್ತಾಗಿದ್ದು 2021ರ ಜುಲೈನಲ್ಲಿ, ಅಕ್ಕನ ಮಗನ ಮೊಬೈಲಿನಲ್ಲಿ. ಒಬ್ಬ ಇನ್ನೊಬ್ಬನಿಗೆ ಗುಂಡು ಹೊಡೆದ. ಹಸಿರು ಹನಿ ಚಿಮ್ಮಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ನಮ್ಮಮ್ಮ, ಅಂದರೆ ಅವನ ಅಜ್ಜಿ, "ಇದೇನೋ, ಅವನೇನು ಮಿಡತೆನಾ?" ಅಂದರು.

ಮಿಡತೆ ಅಲ್ಲ, ಬಿಜಿಎಂಐ. ಪೂರ್ತಿ ಹೆಸರು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಒಬ್ಬರಿಗೊಬ್ಬರು ಗುಂಡು ಹೊಡೆದು ಕೊನೆಯವರೆಗೆ ಉಳಿಯಬೇಕಾದ ಮೊಬೈಲ್ ಆಟ. ಅದರ ಹಿಂದಿನ ಜನ್ಮದ ಹೆಸರು ಪಬ್‌ಜಿ ಮೊಬೈಲ್. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಆ ಪಟ್ಟಿಯಲ್ಲಿ ಪಬ್‌ಜಿಯೂ ಇತ್ತು. ದೇಶದ ಸಾರ್ವಭೌಮತೆಗೆ, ಭದ್ರತೆಗೆ ಧಕ್ಕೆ ಅಂದರು. ಹತ್ತು ತಿಂಗಳು ಕಳೆಯಿತು. ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟಕ್ಕೆ ಸ್ನಾನ ಮಾಡಿಸಿ, ಕೊನೆಯಲ್ಲಿ 'ಇಂಡಿಯಾ' ಅಂತ ನಾಮ ಎಳೆದು ವಾಪಸ್ ಕರೆತಂದಿತು. ರಕ್ತ ಹಸಿರಾಯಿತು. 'ಕಿಲ್' ಅನ್ನೋ ಪದ ಹೋಗಿ 'ಫಿನಿಶ್' ಬಂತು. ಗೆದ್ದವರಿಗೆ ಸಿಗುವ 'ಚಿಕನ್ ಡಿನ್ನರ್' ಮಾತ್ರ ಹಾಗೇ ಉಳಿಯಿತು. ಮನುಷ್ಯ ಉಳಿದುಕೊಂಡ, ಕೋಳಿಯನ್ನು ಕೇಳುವವರಿಲ್ಲ.

ಈ 'ಫಿನಿಶ್' ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷಿನಲ್ಲಿ ಅದು ಸಾಧು ಪದ ಇರಬಹುದು. ಕನ್ನಡಕ್ಕೆ ತಂದು ನೋಡಿ. 'ಕೊಲ್ಲು' ಅನ್ನೋದು ನಮ್ಮಲ್ಲಿ ಪುರಾಣದ ಮಾತು. ಹರಿಕಥೆ ದಾಸರ ಬಾಯಲ್ಲಿ ಬರುತ್ತದೆ, ಮಕ್ಕಳೂ ಕೇಳುತ್ತಾರೆ. 'ಮುಗಿಸಿಬಿಡು' ಅಂತ ಯಾರು ಹೇಳುತ್ತಾರೆ? ಲುಂಗಿ ಎತ್ತಿ ಕಟ್ಟಿ, ಲಾಂಗ್ ಹಿಡಿದು, ಜೀಪಿನಿಂದ ಇಳಿಯುವವರು. ಮಕ್ಕಳ ಮನಸ್ಸು ಕೆಡಬಾರದು ಅಂತ ಪೌರಾಣಿಕ ಪದ ತೆಗೆದು ರೌಡಿಗಳ ಪದ ಹಾಕಿದ್ದಾರೆ.

ರಕ್ತದ ವಿಚಾರಕ್ಕೆ ಬಂದರೆ, ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಜಟ್ಟಿಗಳು ತಲೆ ಬೋಳಿಸಿಕೊಂಡು ಎದುರುಬದುರು ನಿಲ್ಲುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಕೆಂಪು ರಕ್ತ. ನೋಡುವವರಲ್ಲಿ ಯಾರಿಗೂ ಒಟಿಪಿ ಕೇಳುವುದಿಲ್ಲ. ನಮ್ಮ ಕಡೆ ಬಯಲಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆದಾಗ ಕುಂಕುಮದ ನೀರು ಚೆಲ್ಲುತ್ತಿದ್ದರು. ನಾವು ಮಕ್ಕಳು ಮುಂದಿನ ಸಾಲಿನಲ್ಲೇ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. 'ದಯವಿಟ್ಟು ಹಸಿರು ನೀರು ಬಳಸಿ' ಅಂತ ಪಂಚಾಯಿತಿಯವರು ಚೀಟಿ ಕಳಿಸಿದ್ದು ನೆನಪಿಲ್ಲ.

ಒಟಿಪಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹದಿನೆಂಟರ ಒಳಗಿನವರು ಆಡಬೇಕಾದರೆ ಹಿರಿಯರ ಮೊಬೈಲಿಗೆ ಒಟಿಪಿ ಬರುತ್ತದೆ. ದಿನಕ್ಕೆ ಮೂರೇ ಗಂಟೆ ಆಟ. ನಮ್ಮ ಹುಡುಗ ಅಪ್ಪ-ಅಮ್ಮನ ನಂಬರ್ ಕೊಡಲಿಲ್ಲ. ಅಜ್ಜಿಯದು ಕೊಟ್ಟ. ಅಮ್ಮ ಗ್ಯಾಸ್ ಬುಕಿಂಗ್ ನಂಬರ್ ಅಂತ ತಿಳಿದು ಓದಿ ಹೇಳಿದರು. ಆ ತಿಂಗಳು ಸಿಲಿಂಡರ್ ಯಾಕೆ ಬರಲಿಲ್ಲ ಅಂತ ನಾವೆಲ್ಲ ಏಜೆನ್ಸಿಯವರನ್ನು ಬೈದಿದ್ದೇ ಬಂತು.

ನಾನು ನಿಜವಾಗಿ ಹೇಳಹೊರಟಿದ್ದು ಆಡುವವರ ಬಗ್ಗೆ ಅಲ್ಲ, ನೋಡುವವರ ಬಗ್ಗೆ. ಆಡಲು ಮೂರು ಗಂಟೆಯ ಮಿತಿ. ಬೇರೆಯವರು ಆಡುವುದನ್ನು ನೋಡಲು ಮಿತಿಯೇ ಇಲ್ಲ. ಹಾಗಾಗಿ ನಮ್ಮ ಹುಡುಗ ಮೂರು ಗಂಟೆ ಆಡಿ, ಆಮೇಲೆ ಯೂಟ್ಯೂಬಿನಲ್ಲಿ ಇನ್ನೊಬ್ಬ ಆಡುವುದನ್ನು ಐದು ಗಂಟೆ ನೋಡುತ್ತಾನೆ. ಒಮ್ಮೆ ಕೇಳಿದೆ, "ಯಾರೋ ಆಡೋದನ್ನ ನೋಡಿ ನಿನಗೇನೋ ಸಿಗುತ್ತೆ?" ಅವನು ನನ್ನ ಮುಖ ನೋಡಲಿಲ್ಲ. ಟೀವಿ ಕಡೆ ನೋಡಿದ. ಅಲ್ಲಿ ಟೆಸ್ಟ್ ಮ್ಯಾಚಿನ ನಾಲ್ಕನೇ ದಿನ ನಡೀತಿತ್ತು. ನಾನು ಮೂರು ದಿನದಿಂದ ಅದೇ ಪಂಚೆಯಲ್ಲಿ ಕೂತಿದ್ದೆ. ಮಾತು ಅಲ್ಲಿಗೇ ನಿಂತಿತು.

ಹಾಗೆ ನೋಡಿದರೆ ಇದು ನಮಗೆ ಹೊಸದೇನಲ್ಲ. ಅರಳಿಕಟ್ಟೆಯಲ್ಲಿ ಹುಲಿ-ಕುರಿ ಆಟ ನಡೆಯುತ್ತಿದ್ದಾಗ ಆಡುವವರು ಇಬ್ಬರು, ಸಲಹೆ ಕೊಡುವವರು ಹದಿನಾರು ಜನ. "ಆ ಕುರಿ ಎತ್ತೋ ಮಾರಾಯ" ಅಂತ ಕೂಗುತ್ತಿದ್ದವರಿಗೆ ಈಗ ಲೈವ್ ಚಾಟ್ ಅನ್ನುತ್ತಾರೆ. ಬಯಲಾಟದಲ್ಲಿ ಕರ್ಣಾರ್ಜುನರ ಕಾಳಗ ಬಿರುಸಾಗಿರುವಾಗ ಎಲ್ಲ ನಿಲ್ಲಿಸಿ, "ಶ್ರೀಯುತ ಗೌಡರು ಅರ್ಜುನನ ಪಾತ್ರ ಮೆಚ್ಚಿ ಹನ್ನೊಂದು ರೂಪಾಯಿ ಇನಾಮು" ಅಂತ ಮೈಕಿನಲ್ಲಿ ಓದುತ್ತಿದ್ದರು. ಕರ್ಣ ಬಾಣ ಹಿಡಿದು ಕಾಯುತ್ತಿದ್ದ. ಈಗ ಅದು ಸೂಪರ್ ಚಾಟ್. ದುಡ್ಡು ಕೊಟ್ಟವನ ಹೆಸರನ್ನು ಆಟಗಾರ ಮರದ ಹಿಂದೆ ಅಡಗಿ ಕೂತು ಓದುತ್ತಾನೆ. ವ್ಯತ್ಯಾಸ ಒಂದೇ. ಇಲ್ಲಿ ಕರ್ಣ ಕಾಯುವುದಿಲ್ಲ.

ಅಂದರೆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ನಗು ಬರುವುದು ದೊಡ್ಡವರನ್ನು ನೋಡಿ. ನೋಡುವ ಕಣ್ಣು ಜಾಸ್ತಿ ಆಗುತ್ತಿದ್ದಂತೆ ಅವರ ಕುಣಿತವೂ ಜಾಸ್ತಿ ಆಯಿತು.

2022ರ ತಮಾಷೆ ನೆನಪಿದೆಯಾ? ಆ ವರ್ಷ ಜೂನ್-ಜುಲೈನಲ್ಲಿ ಬಿಜಿಎಂಐ ಪಂದ್ಯಾವಳಿ ಸ್ಟಾರ್ ಸ್ಪೋರ್ಟ್ಸ್ ಚಾನೆಲಿನಲ್ಲೇ ನೇರಪ್ರಸಾರವಾಯಿತು. ಕ್ರಿಕೆಟ್, ಕಬಡ್ಡಿ ಬರುವ ಮನೆಗೆ ಬಂದೂಕು ಹಿಡಿದ ಅಳಿಯ ಬಂದಂತಾಯಿತು. ಜುಲೈ 28ಕ್ಕೆ ಸರ್ಕಾರದ ಆದೇಶ ಬಂತು, ಆಟ ಆ್ಯಪ್ ಸ್ಟೋರಿನಿಂದಲೇ ಮಾಯ. ಅದೇ ಡಿಸೆಂಬರಿನಲ್ಲಿ ಅದೇ ಸರ್ಕಾರ, ಇ-ಸ್ಪೋರ್ಟ್ಸ್, ಅಂದರೆ ಪಂದ್ಯವಾಗಿ ಆಡುವ ವಿಡಿಯೊ ಗೇಮ್, ಇನ್ನು ಮುಂದೆ ಬಹುಕ್ರೀಡಾಕೂಟಗಳ ಭಾಗ, ಅದು ಕ್ರೀಡಾ ಸಚಿವಾಲಯಕ್ಕೆ ಸೇರಿದ್ದು ಅಂತ ಅಧಿಸೂಚನೆ ಹೊರಡಿಸಿತು. ಜುಲೈನಲ್ಲಿ ಹುಡುಗನನ್ನು ಮನೆಯಿಂದ ಆಚೆ ಹಾಕಿ, ಡಿಸೆಂಬರಿನಲ್ಲಿ ಅವನ ಕುಲಕ್ಕೆ ಸನ್ಮಾನ ಮಾಡಿದರು. ಹಾರ ಇದೆ, ಶಾಲು ಇದೆ, ಹುಡುಗ ಇಲ್ಲ. 2023ರ ಮೇನಲ್ಲಿ ಮೂರು ತಿಂಗಳ ಪರೀಕ್ಷೆಯ ಮೇಲೆ ವಾಪಸ್ ಬಿಟ್ಟುಕೊಂಡರು. ಈ ಸಲ ದೊಡ್ಡವರಿಗೂ ಮಿತಿ, ದಿನಕ್ಕೆ ಆರು ಗಂಟೆ. ನಮ್ಮ ಮೇಷ್ಟ್ರು ಕೂಡ ದಿನಕ್ಕೆ ಆರು ಗಂಟೆ ಪಾಠ ಮಾಡಿದವರಲ್ಲ.

ಆ ವರ್ಷವೇ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ಇ-ಸ್ಪೋರ್ಟ್ಸ್‌ಗೆ ಅಲ್ಲಿ ಮೊದಲ ಸಲ ನಿಜವಾದ ಪದಕ. 2018ರ ಜಕಾರ್ತದಲ್ಲಿ ಅದು ಬರೀ ಪ್ರದರ್ಶನ ಇತ್ತು. ಆಗ ನಮ್ಮ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಇಸ್ಪೀಟಿನಂಥ ಆಟದಲ್ಲಿ ಕಂಚು ಗೆದ್ದರೂ ಅದು ಪದಕ ಪಟ್ಟಿಯ ಲೆಕ್ಕಕ್ಕೆ ಬರಲಿಲ್ಲ. ಹಾಂಗ್‌ಝೌನಲ್ಲಿ ಈ ಆಟಗಳನ್ನು ನೋಡುವವರ ನೂಕುನುಗ್ಗಲು ಎಷ್ಟಿತ್ತೆಂದರೆ ಟಿಕೆಟ್ಟಿಗೆ ಲಾಟರಿ ಎತ್ತಬೇಕಾಯಿತು. ಪಬ್‌ಜಿಯೂ ಇತ್ತು. ಆದರೆ ಪದಕದ ಆಟದಲ್ಲಿ ಮನುಷ್ಯರು ಮನುಷ್ಯರಿಗೆ ಗುಂಡು ಹೊಡೆದರೆ ಚೆನ್ನಾಗಿರುವುದಿಲ್ಲ ಅಲ್ವಾ? ಅದಕ್ಕೆ 'ಏಷ್ಯನ್ ಗೇಮ್ಸ್ ಆವೃತ್ತಿ' ಅಂತ ಬೇರೆಯೇ ಮಾಡಿದರು. ತಂಡ ಪ್ಯಾರಾಚೂಟಿನಲ್ಲಿ ಇಳಿಯಬೇಕು, ಗಾಡಿ ಓಡಿಸಬೇಕು, ದಾರಿಯಲ್ಲಿ ನಿಲ್ಲಿಸಿದ ಗುರಿಹಲಗೆಗೆ ಹೊಡೆಯಬೇಕು. ಎದುರಾಳಿಗೆ ಹೊಡೆಯುವಂತಿಲ್ಲ. ದಸರಾ ಕುಸ್ತಿಯಲ್ಲಿ ಇಬ್ಬರು ಪೈಲ್ವಾನರು ಒಬ್ಬರನ್ನೊಬ್ಬರು ಮುಟ್ಟದೆ, ಪಕ್ಕದಲ್ಲಿಟ್ಟ ಅಕ್ಕಿ ಮೂಟೆಯನ್ನು ಚಿತ್ ಮಾಡಿದ ಹಾಗೆ. ಚೀನಾಕ್ಕೆ ಚಿನ್ನ. ಮೂಟೆಗೆ ಗಾಯವಾದ ವರದಿ ಇಲ್ಲ.

ಅದೇ ಕೂಟದಲ್ಲಿ ದಕ್ಷಿಣ ಕೊರಿಯಾದ ಹುಡುಗರು ಲೀಗ್ ಆಫ್ ಲೆಜೆಂಡ್ಸ್ ಎಂಬ ಕೋಟೆ ಕೆಡವುವ ಆಟದಲ್ಲಿ ಚಿನ್ನ ಹೊಡೆದರು. ಆ ದೇಶದಲ್ಲಿ ಗಂಡುಮಕ್ಕಳು ಸೈನ್ಯಕ್ಕೆ ಹೋಗುವುದು ಕಡ್ಡಾಯ. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರಿಗೆ ವಿನಾಯಿತಿ, ಕೆಲವು ವಾರದ ತರಬೇತಿ, ಒಂದಷ್ಟು ಗಂಟೆಯ ಸಮಾಜಸೇವೆ ಮುಗಿಸಿದರೆ ಸಾಕು. ಪರದೆ ಮೇಲೆ ಕೋಟೆ ಕೆಡವಿದ ವೀರರು ನಿಜವಾದ ಬಂದೂಕಿನಿಂದ ತಪ್ಪಿಸಿಕೊಂಡರು. ಇದರಷ್ಟು ಒಳ್ಳೆಯ ಸುದ್ದಿ ಈ ಇಡೀ ಲೇಖನದಲ್ಲಿ ಇನ್ನೊಂದಿಲ್ಲ.

ಒಲಿಂಪಿಕ್ಸಿನವರ ಕಥೆ ಇನ್ನೂ ಚೆನ್ನಾಗಿದೆ. 2018ರಲ್ಲಿ ಆಗಿನ ಅಧ್ಯಕ್ಷ ಥಾಮಸ್ ಬಾಕ್, ಕೊಲ್ಲುವ ಆಟಗಳಿಗೆ ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲ ಅಂದರು. ಬಾಕ್ ಯಾರು? 1976ರ ಮಾಂಟ್ರಿಯಲ್‌ನಲ್ಲಿ ಕತ್ತಿವರಸೆಯಲ್ಲಿ ಚಿನ್ನ ಗೆದ್ದವರು. ಕತ್ತಿ ಸಂಸ್ಕೃತಿ, ಮೌಸ್ ಹಿಂಸೆ. ಐದು ವರ್ಷ ಕಳೆಯಿತು. 2023ರಲ್ಲಿ ಸಿಂಗಪುರದ ಒಲಿಂಪಿಕ್ ಇ-ಸ್ಪೋರ್ಟ್ಸ್ ವಾರಕ್ಕೆ ಫೋರ್ಟ್‌ನೈಟ್ ಬಂತು. ಅದೂ ಕೊನೆಗೆ ಒಬ್ಬನೇ ಉಳಿಯುವ ಗುಂಡಿನ ಆಟವೇ. ಅಲ್ಲಿಯೂ ಮನುಷ್ಯರಿಗೆ ಬದಲು ಗುರಿಹಲಗೆ. 2024ರಲ್ಲಿ ಸೌದಿ ಅರೇಬಿಯಾ ಜೊತೆ ಹನ್ನೆರಡು ವರ್ಷದ ಒಪ್ಪಂದ. 2025ರಲ್ಲಿ ಮೊದಲ ಇ-ಸ್ಪೋರ್ಟ್ಸ್ ಒಲಿಂಪಿಕ್ಸ್ ಅಂದರು. ಆಮೇಲೆ 2027 ಅಂದರು. 2025ರ ಅಕ್ಟೋಬರಿನಲ್ಲಿ ಇಬ್ಬರೂ ಕೈಕುಲುಕಿ ಬೇರೆಯಾದರು. ಹನ್ನೆರಡು ವರ್ಷದ ಸಂಸಾರ ಹದಿನೈದು ತಿಂಗಳಿಗೆ ಮುಗಿಯಿತು.

ಸೌದಿಯವರಿಗೇನೂ ನಷ್ಟವಿಲ್ಲ. ರಿಯಾದ್‌ನಲ್ಲಿ ಅವರದೇ ಇ-ಸ್ಪೋರ್ಟ್ಸ್ ವಿಶ್ವಕಪ್ ಇದೆ. 2025ರಲ್ಲಿ ಒಟ್ಟು ಬಹುಮಾನ 7 ಕೋಟಿ ಡಾಲರ್ ದಾಟಿತ್ತು. 1972ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಡುಗರು 'ಸ್ಪೇಸ್‌ವಾರ್' ಎಂಬ ಕಂಪ್ಯೂಟರ್ ಆಟದ ಪಂದ್ಯ ಆಡಿದಾಗ ಬಹುಮಾನ ಏನಿತ್ತು ಗೊತ್ತಾ? ರೋಲಿಂಗ್ ಸ್ಟೋನ್ ಪತ್ರಿಕೆಯ ಒಂದು ವರ್ಷದ ಚಂದಾ. ಇರಲಿ. ರಿಯಾದ್‌ನಲ್ಲಿ 2025ರಲ್ಲಿ ಚೆಸ್ ಕೂಡ ಇ-ಸ್ಪೋರ್ಟ್ ಆಯಿತು. ಕಾರ್ಲ್‌ಸನ್ ಗೆದ್ದರು, ನಮ್ಮ ಅರ್ಜುನ್ ಎರಿಗೈಸಿ ನಾಲ್ಕನೆಯವರಾದರು. ಆನೆ, ಒಂಟೆ, ಕುದುರೆ, ಮಂತ್ರಿ ಎಲ್ಲರನ್ನೂ ಸಾಯಿಸುವ ಆಟ ಅದು. ಯಾವ ಸರ್ಕಾರವೂ ರಕ್ತದ ಬಣ್ಣ ಕೇಳಿಲ್ಲ.

ನಮ್ಮ ಸಂಸತ್ತೂ ಹಿಂದೆ ಬಿದ್ದಿಲ್ಲ. ಆನ್‌ಲೈನ್ ಗೇಮಿಂಗ್ ಮಸೂದೆಯನ್ನು 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ ಪಾಸು ಮಾಡಿದವು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಟವನ್ನು ಅತಿ ವೇಗವಾಗಿ ಮುಗಿಸುವುದಕ್ಕೆ ಹುಡುಗರು 'ಸ್ಪೀಡ್‌ರನ್' ಅನ್ನುತ್ತಾರೆ. ದುಡ್ಡು ಕಟ್ಟಿ ಆಡುವ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಇ-ಸ್ಪೋರ್ಟ್ ಅಂದರೆ ಏನು ಅಂತಲೂ ಕಾಯ್ದೆ ಹೇಳುತ್ತದೆ. ಗೆಲುವು ನಿರ್ಧಾರವಾಗಬೇಕಾದ್ದು ದೇಹದ ಚಾಕಚಕ್ಯತೆ, ಮನಸ್ಸಿನ ಚುರುಕು, ತಂತ್ರಗಾರಿಕೆಯಿಂದ. ದೇಹ ಅಂದರೆ ಇಲ್ಲಿ ಎರಡು ಹೆಬ್ಬೆರಳು. ಏಕಲವ್ಯ ಈಗ ಇದ್ದಿದ್ದರೆ ದ್ರೋಣರಿಗೆ ಹೆಬ್ಬೆರಳು ಕೊಡಲು ಖಂಡಿತ ಒಪ್ಪುತ್ತಿರಲಿಲ್ಲ, ಪ್ರಾಯೋಜಕರು ಬಿಡುತ್ತಿರಲಿಲ್ಲ.

ಮೊನ್ನೆ ರಾತ್ರಿ ಹನ್ನೊಂದಾಗಿತ್ತು. ಹಾಲಿನಲ್ಲಿ ದೀಪ ಆರಿಸಿ ಅಜ್ಜಿ-ಮೊಮ್ಮಗ ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ಕೂತಿದ್ದರು. ಬೆಳಗಿನವರೆಗೆ ಬಯಲಾಟ ನೋಡಿ ಬೆಳೆದ ಜೀವ ಅದು, ಅಮ್ಮನಿಗೆ ನಿದ್ದೆಯ ಹಂಗಿಲ್ಲ. ಹುಡುಗ ಹೊಸ ಅಕೌಂಟ್ ತೆರೆಯುತ್ತಿದ್ದನಂತೆ.

"ಅಜ್ಜಿ, ಒಟಿಪಿ ಬಂತಾ?"

"ಬಂತು. ಹೇಳ್ತೀನಿ ಇರು. ನಿನ್ನೆ ಬಂಡೆ ಹಿಂದೆ ಅಡಗಿ ಕೂತಿದ್ನಲ್ಲ, ಅವನನ್ನ ಇವತ್ತು ಸುಮ್ನೆ ಬಿಡಬಾರದು. ಕೊಂದು ಹಾಕು."

"ಹಂಗನ್ನಬಾರದು ಅಜ್ಜಿ. ಫಿನಿಶ್ ಅನ್ನಬೇಕು."

"ಹಂಗಂದ್ರೆ?"

"ಮುಗಿಸೋದು."

"ಸರಿ, ಮುಗಿಸು. ಬರ್ಕೋ. ನಾಕು, ಸೊನ್ನೆ, ಏಳು..."