ಬಳ್ಳಾರಿಯ ಬಿಸಿಲೊಂದೇ ಸಾಲದು

ಮನೆಗೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಜಾತಿಯ ಸಾಕುಪ್ರಾಣಿಯ ಮರಿಯನ್ನು ತಂದಿದ್ದೇನೆಂದು ತಿಳಿದವರೆಲ್ಲ ಹೇಳಿದ್ದು ಒಂದೇ ಮಾತು: ಬಳ್ಳಾರಿಯ ಬಿಸಿಲಿರುವಾಗ ಅದಕ್ಕೆ ಬೇರೇನೂ ಬೇಕಿಲ್ಲ. ಅದು ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಪ್ರಾಣಿ, ನಮ್ಮದು 40 ಡಿಗ್ರಿ ದಾಟುವ ಊರು. ಹಾಗಾಗಿ ಮೇಲ್ನೋಟಕ್ಕೆ ಆ ಮಾತು ಸರಿಯೆನಿಸುತ್ತದೆ. ಎರಡು ತಿಂಗಳು ಅದನ್ನು ನೋಡಿಕೊಂಡ ಮೇಲೆ, ಆ ಜೀವಕ್ಕೆ ಇದಕ್ಕಿಂತ ಅಪಾಯದ ಸಲಹೆ ಇಲ್ಲವೆಂದು ನನಗೆ ಖಚಿತವಾಗಿದೆ.

ನಮ್ಮ ಹೊಲದ ಬದುವಿನ ಓತಿಕ್ಯಾತವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ಬೆಳಿಗ್ಗೆ ಕಲ್ಲಿನ ಮೇಲೆ ಮೈ ಕಾಯಿಸುವ ಓತಿಕ್ಯಾತ ನಡುಮಧ್ಯಾಹ್ನ ಜಾಲಿಯ ನೆರಳು ಸೇರುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ತಮ್ಮ ಮೈಯ ಶಾಖವನ್ನು ತಾವೇ ಉಂಟುಮಾಡಿಕೊಳ್ಳಲಾರದ ಈ ಪ್ರಾಣಿಗಳು ಬಿಸಿಗೂ ತಂಪಿಗೂ ನಡುವೆ ಓಡಾಡುತ್ತಲೇ ಬದುಕಬೇಕು. ಆದ್ದರಿಂದ ಅದನ್ನು ಸಾಕುವ ಗಾಜಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಬಿಸಿ ಕೊಡುವ ದೀಪದ ಕೆಳಗಿನ ಕಲ್ಲು ಸುಮಾರು 40 ಡಿಗ್ರಿ ಇದ್ದರೆ, ಇನ್ನೊಂದು ತುದಿ 25ರಿಂದ 28 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಏಪ್ರಿಲ್ ತಿಂಗಳಲ್ಲಿ ಕೋಣೆಯೇ 36 ಡಿಗ್ರಿ ಮುಟ್ಟುವ ನಮ್ಮ ಆರ್‌ಸಿಸಿ ಮನೆಯಲ್ಲಿ ಬಿಸಿ ಒದಗಿಸುವುದು ಕಷ್ಟವಲ್ಲ, ತಂಪು ಮೂಲೆಯನ್ನು ಉಳಿಸಿಕೊಡುವುದೇ ಕಷ್ಟ. ಅದಕ್ಕಾಗಿಯೇ ಪೆಟ್ಟಿಗೆಯನ್ನು ಮಹಡಿಯಿಂದ ಇಳಿಸಿ, ಕಡಪ ಕಲ್ಲು ಹಾಸಿದ ನಡುಮನೆಯಲ್ಲಿ ಇಟ್ಟಿದ್ದೇನೆ.

ಕಿಟಕಿಯಿಂದ ಬರುವ ಬಿಸಿಲೂ ಸಾಲದು, ಏಕೆಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣಗಳನ್ನು ಗಾಜು ತಡೆಯುತ್ತದೆ. ಆ ಕಿರಣಗಳಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಎಳೆಯ ಮರಿಯ ದವಡೆ ಮತ್ತು ಕಾಲಿನ ಮೂಳೆಗಳು ಮೆತ್ತಗಾಗಿ ಬಾಗುತ್ತವೆ. ಹಾಗೆಂದು ಗಾಜಿನ ಪೆಟ್ಟಿಗೆಯನ್ನೇ ಅಂಗಳದ ಬಿಸಿಲಿಗೆ ಇಟ್ಟರೆ ಪ್ರಾಣಿ ಬೆಂದುಹೋಗುತ್ತದೆ. ಆ ಕಿರಣಗಳನ್ನು ಬೀರುವ ಯುವಿಬಿ ಟ್ಯೂಬ್ ದೀಪವನ್ನು ಕೊಳ್ಳಲೇಬೇಕು.

ಕೈಯಲ್ಲಿ ಹಿಡಿದಷ್ಟೂ ಬೇಗ ಪಳಗುತ್ತದೆ ಎಂದು ಮಾರಿದವರು ಹೇಳಿದ್ದನ್ನು ನಂಬಿ, ಮೊದಲ ಭಾನುವಾರ ನೆಂಟರ ಮಕ್ಕಳ ಕೈಗೆಲ್ಲ ಅದನ್ನು ಕೊಟ್ಟೆ. ಸಂಜೆಯ ಹೊತ್ತಿಗೆ ಗಡ್ಡದಂತಿರುವ ಅದರ ಗಂಟಲ ಚರ್ಮ ಇದ್ದಿಲಿನಂತೆ ಕಪ್ಪಾಗಿ, ಹೊಟ್ಟೆಯ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ಅದು ಬೆದರಿದಾಗ ಬರುವ ಬಣ್ಣವೆಂದು ನನಗೆ ತಿಳಿದದ್ದು ಆಮೇಲೆ. ನಾಲ್ಕು ದಿನ ಅದು ಏನನ್ನೂ ಮುಟ್ಟಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಪೆಟ್ಟಿಗೆಯ ಮೂರು ಬದಿಗೆ ಹಳೆಯ ಪಂಚೆ ಇಳಿಬಿಟ್ಟು, ನೀರು, ಸೊಪ್ಪು ಮತ್ತು ಶುಚಿಯ ಕೆಲಸ ಬಿಟ್ಟರೆ ಎರಡು ವಾರ ಒಳಗೆ ಕೈ ಹಾಕದೆ ಇದ್ದೆ. ಕೈ ಹಾಕುವಾಗಲೂ ಪಕ್ಕದಿಂದಲೇ ಹಾಕಬೇಕು. ನೆತ್ತಿಯ ಮೇಲೆ ಬೆಳಕು ನೆರಳನ್ನು ಗ್ರಹಿಸುವ ಮೂರನೆಯ ಕಣ್ಣು ಇರುವ ಪ್ರಾಣಿಗೆ ಮೇಲಿನಿಂದ ಇಳಿಯುವ ಕೈಯೂ ಹದ್ದೂ ಒಂದೇ.

ಐದನೆಯ ದಿನ ಬೆಳಿಗ್ಗೆ ತಟ್ಟೆಯಲ್ಲಿ ಹಿತ್ತಲಿನ ದಾಸವಾಳದ ಒಂದು ಎಸಳು ಇಟ್ಟು ದೂರ ಕುಳಿತೆ. ಅದು ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿತು, ದಪ್ಪ ನಾಲಗೆಯ ತುದಿಯನ್ನು ಒಮ್ಮೆ ತಾಗಿಸಿ ಹಿಂದೆಗೆಯಿತು, ಬಳಿಕ ಎಸಳನ್ನು ಎಳೆದುಕೊಂಡು ಜಗಿಯಿತು. ಕೆಂಪು ಚೂರೊಂದು ಬಾಯಂಚಿನಲ್ಲಿ ಮಧ್ಯಾಹ್ನದವರೆಗೂ ಅಂಟಿಕೊಂಡಿತ್ತು.

ಮರಿಗೆ ಮುಖ್ಯ ಆಹಾರ ಹುಳುಗಳೇ. ಬೆಳೆದಂತೆ ಸೊಪ್ಪಿನ ಪಾಲು ಹೆಚ್ಚಬೇಕು. ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು, ಮತ್ತು ಕೊಡುವ ಮುನ್ನ ಅದರ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ರಾತ್ರಿಗೆ ಮೊದಲು ತೆಗೆಯದಿದ್ದರೆ ಅವು ಮಲಗಿದ ಮರಿಯನ್ನೇ ಕಚ್ಚುತ್ತವೆ. ಸೊಪ್ಪಿನಲ್ಲಿ ನಮ್ಮ ನುಗ್ಗೆಗೆ ಸಾಟಿಯಿಲ್ಲ, ಅದರಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಪಾಲಕ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುವುದರಿಂದ ನಾನು ಅದನ್ನು ಕೊಡುವುದಿಲ್ಲ. ಮಿಂಚುಹುಳವಂತೂ ಒಂದೇ ಒಂದು ಹೊಟ್ಟೆಗೆ ಹೋದರೂ ಪ್ರಾಣ ತೆಗೆಯಬಲ್ಲದು.

ಕಳೆದ ವಾರ ಪಕ್ಕದ ಮನೆಯ ಹುಡುಗ ಮೆಣಸಿನಕಾಯಿ ಹೊಲದಿಂದ ಬಾಟಲಿ ತುಂಬ ಮಿಡತೆ ಹಿಡಿದು ಪ್ರೀತಿಯಿಂದ ತಂದ. ನಮ್ಮ ಕಡೆ ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಔಷಧಿ ಆ ಮಿಡತೆಗಳ ಮೈಯಲ್ಲಿಯೂ ಇರುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದೆ. ಅವನ ಮುಖ ಬಾಡಿತು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ನುಗ್ಗೆಯ ಚಿಗುರು ಕೊಯ್ದೆವು; ಈಗ ದಿನವೂ ಶಾಲೆಗೆ ಹೋಗುವ ಮುನ್ನ ಅವನೇ ಒಂದು ಹಿಡಿ ಕಿತ್ತು ತೊಳೆದು ತರುತ್ತಾನೆ.